ಸೋಲಿಗರನ್ನು ಕೇಳದ ಸಂರಕ್ಷಣೆ

ಬಿಳಿಗಿರಿರಂಗನ ಬೆಟ್ಟದ ನೆಲ್ಲಿಮರಗಳನ್ನು ಉಪ್ಪಿಲು ಎಂಬ ಬದನಿಕೆ ಕಾಡುತ್ತಿದೆ. ಹಕ್ಕಿಗಳಿಂದ ಹರಡುವ ಈ ಪರಾವಲಂಬಿ ಸಸ್ಯವು ಕೊಂಬೆಯ ಸಾರವನ್ನು ಹೀರಿ ಮರವನ್ನೇ ಸೊರಗಿಸುತ್ತದೆ. ಹಿಂದೆ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ಒಣಗಿದ ಎಲೆಗಳಿಗೆ ಕಿರುಬೆಂಕಿ ಹಚ್ಚುತ್ತಿದ್ದರು. ಇದಕ್ಕೆ ತರಗು ಬೆಂಕಿ ಎಂದು ಹೆಸರು. ನೆಲದ ಮೇಲೆ ಬೇಗನೆ ಸರಿದುಹೋಗುವ ಆ ಬೆಂಕಿಯು ಉಪ್ಪಿಲನ್ನೂ ಲಂಟಾನದ ಎಳೆಸಸಿಗಳನ್ನೂ ಹತೋಟಿಯಲ್ಲಿಡುತ್ತಿತ್ತು ಎಂಬುದು ಅವರ ಅನುಭವದ ಮಾತು.

1974ರಲ್ಲಿ ಅಭಯಾರಣ್ಯ ಘೋಷಣೆಯಾದ ಬಳಿಕ ಪೋಡುಗಳನ್ನು ಸ್ಥಳಾಂತರಿಸಲಾಯಿತು. ಕುಮರಿ ಬೇಸಾಯವೂ ತರಗು ಬೆಂಕಿಯೂ ಅಪರಾಧಗಳಾದವು. 1997 ಮತ್ತು 2008ರ ನಡುವೆ ಲಂಟಾನ ವ್ಯಾಪಿಸಿದ ತಾಣಗಳು ಹೆಚ್ಚುಕಡಿಮೆ ಇಮ್ಮಡಿಯಾದುದನ್ನು ಸಸ್ಯವಿಜ್ಞಾನಿಗಳ ಸಮೀಕ್ಷೆಗಳು ದಾಖಲಿಸಿವೆ. ಬೆಂಕಿ ನಿಂತದ್ದೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು. ಮಳೆ, ಬಿಸಿಲು, ಬೀಜಪ್ರಸಾರ ಎಲ್ಲವೂ ಸೇರಿವೆ. ಆದರೆ ಒಂದು ಪುರಾತನ ಪದ್ಧತಿಯನ್ನು ಪರೀಕ್ಷಿಸದೆಯೇ ನಿಷೇಧಿಸುವುದನ್ನು ವಿಜ್ಞಾನವೆಂದು ಕರೆಯಬಹುದೇ?

2006ರ ವೇಳೆಗೆ ಜೇನು, ನೆಲ್ಲಿ, ಪಾಚಿಗಳ ಸಂಗ್ರಹವೂ ನಿಂತಿತು. ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಅವನ್ನು ಮಾರಿ ಬದುಕುತ್ತಿದ್ದ ಕುಟುಂಬಗಳು ಕಾಫಿ ತೋಟಗಳ ಕೂಲಿಗೆ ಹೋಗಬೇಕಾಯಿತು. ವಿಪರ್ಯಾಸವೆಂದರೆ ಅದೇ ವರ್ಷ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು. 2011ರ ಜನವರಿಯಲ್ಲಿ ಬೆಟ್ಟವು ಹುಲಿ ಮೀಸಲು ಪ್ರದೇಶವಾಯಿತು. ಅದೇ ಅಕ್ಟೋಬರಿನಲ್ಲಿ 25 ಪೋಡುಗಳ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳು ದೊರೆತವು. ದೇಶದ ಹುಲಿ ಮೀಸಲು ಪ್ರದೇಶಗಳಲ್ಲಿ ಇದೇ ಮೊದಲು. ಕಿರು ಅರಣ್ಯ ಉತ್ಪನ್ನಗಳ ಮೇಲಿನ ಒಡೆತನದೊಂದಿಗೆ ಕಾಡನ್ನು ಕಾಪಾಡಿ ನಿರ್ವಹಿಸುವ ಅಧಿಕಾರವನ್ನೂ ಆ ಕಾಯ್ದೆ ಗ್ರಾಮಸಭೆಗೆ ಕೊಡುತ್ತದೆ. ಈ ಎರಡನೆಯ ಮಾತನ್ನು ಓದುವ ಅಧಿಕಾರಿಗಳು ವಿರಳ.

ಹುಲಿಗೆ ಮನುಷ್ಯರಿಲ್ಲದ ನೆಲೆ ಬೇಕೆಂಬ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆ ನಿಯಮ ಎಲ್ಲರಿಗೂ ಒಂದೇ ಆಗಿರಬೇಕು. ಜೇನುಕುರುಬರನ್ನು ಹೊರಹಾಕಿದ ನಾಗರಹೊಳೆಯ ಒಳಗೇ ತಾರಾ ಹೋಟೆಲೊಂದರ ನಿರ್ಮಾಣಕ್ಕೆ ಸರ್ಕಾರ ಜಾಗ ನೀಡಿತ್ತು. ಆದಿವಾಸಿಗಳು ಹೋರಾಡಿ 1997ರಲ್ಲಿ ಹೈಕೋರ್ಟಿನಿಂದ ಅದನ್ನು ತಡೆಯಬೇಕಾಯಿತು.

2024ರ ಜೂನ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು ಮೀಸಲು ಪ್ರದೇಶಗಳ ಒಳಭಾಗದ 591 ಹಳ್ಳಿಗಳ ಸ್ಥಳಾಂತರವನ್ನು ಚುರುಕುಗೊಳಿಸಲು ರಾಜ್ಯಗಳಿಗೆ ಬರೆಯಿತು. ಹಕ್ಕುಗಳು ಇತ್ಯರ್ಥವಾಗಬೇಕು, ಸಹಬಾಳ್ವೆ ಸಾಧ್ಯವೇ ಇಲ್ಲವೆಂದು ಸಾಬೀತಾಗಬೇಕು, ಗ್ರಾಮಸಭೆ ತಿಳಿದು ಒಪ್ಪಬೇಕು. ಇವು ಕಾನೂನಿನ ಷರತ್ತುಗಳು. ಒಪ್ಪಿಗೆ ಕೇಳುವ ಮೊದಲೇ ವೇಳಾಪಟ್ಟಿ ಸಿದ್ಧಪಡಿಸುವುದು ಆ ಷರತ್ತುಗಳ ಉಲ್ಲಂಘನೆಯಲ್ಲದೆ ಬೇರೇನೂ ಅಲ್ಲ.

ಬಿಳಿಗಿರಿಯಲ್ಲಿ ಈಗಲೂ ಮಾಡಬಹುದಾದ ಕೆಲಸವೊಂದಿದೆ. ಅರಣ್ಯ ಇಲಾಖೆಯು ಹಕ್ಕುಪತ್ರ ಪಡೆದ ಗ್ರಾಮಸಭೆಗಳೊಡನೆ ಕುಳಿತು, ಲಂಟಾನ ಕಿತ್ತ ಕೆಲವು ಎಕರೆಗಳಲ್ಲಿ ಹಿರಿಯ ಸೋಲಿಗರ ಮಾರ್ಗದರ್ಶನದಂತೆ ತರಗು ಬೆಂಕಿ ಹಾಕಿಸಲಿ. ಪಕ್ಕದಲ್ಲಿ ಅಷ್ಟೇ ಜಾಗವನ್ನು ಬೆಂಕಿಯಿಲ್ಲದೆ ಬಿಡಲಿ. ಐದು ವರ್ಷ ಎರಡೂ ಕಡೆಯ ನೆಲ್ಲಿ ಸಸಿಗಳನ್ನು ಎಣಿಸಲಿ. ಎಣಿಸುವವರಲ್ಲಿ ಪೋಡಿನ ವಿದ್ಯಾರ್ಥಿಗಳೂ ಇರಲಿ.