ತಿಪ್ಪೆ ಹೋಯ್ತು, ಕಸ ಉಳೀತು: ಹಸಿ ಕಸ ಹಿತ್ತಿಲಲ್ಲೇ ಗೊಬ್ಬರವಾದರೆ ಊರಿಗೇನು ಲಾಭ?

ಭಾನುವಳ್ಳಿ (ಹರಿಹರ ತಾ.): ಹಿಂದೆ ಮನೆಗೊಂದು ತಿಪ್ಪೆ ಇತ್ತು. ಸಗಣಿ, ಒಲೆ ಬೂದಿ, ತರಕಾರಿ ಸಿಪ್ಪೆ ಎಲ್ಲ ಅಲ್ಲಿಗೇ. ಮುಂಗಾರಿಗೆ ಮುಂಚೆ ಗಾಡಿ ಕಟ್ಟಿ ಹೊಲಕ್ಕೆ ಹೊಡೆಯುತ್ತಿದ್ದರು. ದನ ಕಮ್ಮಿ ಆದವು, ಟ್ರ್ಯಾಕ್ಟರ್ ಬಂತು, ಹಿತ್ತಿಲಿಗೆ ಕಾಂಕ್ರೀಟ್ ಬಿತ್ತು. ತಿಪ್ಪೆ ಹೋಯ್ತು, ಕಸ ಮಾತ್ರ ಹೋಗಲಿಲ್ಲ. ಅದೇ ಕಸ ಈಗ ಕ್ಯಾರಿಬ್ಯಾಗ್‌ನಲ್ಲಿ ಗಂಟು ಹಾಕಿಸಿಕೊಂಡು ಚರಂಡಿ, ರಸ್ತೆ ಬದಿ ಸೇರುತ್ತದೆ. ಆ ಗಂಟನ್ನು ದನ ಪ್ಲಾಸ್ಟಿಕ್ ಸಮೇತ ನುಂಗುತ್ತದೆ. ಭಾನುವಳ್ಳಿ ಒಂದೇ ಅಲ್ಲ, ತಾಲ್ಲೂಕಿನ ದೊಡ್ಡ ಊರುಗಳೆಲ್ಲದರ ಕಥೆಯೂ ಇಷ್ಟೇ.

ದುಡ್ಡಿನ ಲೆಕ್ಕ

ಸ್ವಚ್ಛ ಭಾರತ್ ಗ್ರಾಮೀಣ ಯೋಜನೆಯ ಎರಡನೇ ಹಂತದಲ್ಲಿ (2020ರಿಂದ) ಘನ ತ್ಯಾಜ್ಯಕ್ಕೆ ಕೊಟ್ಟ ಮಿತಿ, 5,000 ಜನಸಂಖ್ಯೆವರೆಗಿನ ಊರಿಗೆ ತಲೆಗೆ 60 ರೂಪಾಯಿ, ಅದಕ್ಕಿಂತ ದೊಡ್ಡ ಊರಿಗೆ 45 ರೂಪಾಯಿ. 6,000 ಜನರ ಊರು ಅಂದುಕೊಂಡರೆ 2.70 ಲಕ್ಷ. ಇದು ವರ್ಷ ವರ್ಷ ಬರುವ ದುಡ್ಡಲ್ಲ. ಡೀಸೆಲ್, ಗಾಡಿ ರಿಪೇರಿ, ಕಸ ವಿಂಗಡಿಸುವ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಕೂಲಿಗೆ ಪಂಚಾಯ್ತಿ ಬೇರೆ ಕಡೆ ನೋಡಬೇಕು.

ಮನೆ ಕಸದಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಅರ್ಧ ಹಸಿ ಕಸ. ನಾರುವುದೂ ಅದೇ, ಒಣ ಕಸ ಕೆಡಿಸುವುದೂ ಅದೇ. ಸಾರು ಸುರಿದ ರಟ್ಟಿನ ಡಬ್ಬವನ್ನು ಗುಜರಿಯವರು ಮುಟ್ಟಲ್ಲ. ಹಸಿ ಕಸ ಮನೆಯಲ್ಲೇ ನಿಂತರೆ ಗಾಡಿ ದಿನಾ ಬರಬೇಕಿಲ್ಲ, ವಾರಕ್ಕೆ ಒಂದೆರಡು ಸಲ ಸಾಕು. ಉಳಿದ ಪ್ಲಾಸ್ಟಿಕ್, ರಟ್ಟು ಸ್ವಚ್ಛ ಸಂಕೀರ್ಣದಿಂದ ಮಾರಾಟಕ್ಕೂ ಹೋಗುತ್ತದೆ.

ತೊಟ್ಟಿ ಹೇಗೆ?

ಹಿತ್ತಿಲಿದ್ದವರಿಗೆ ಖರ್ಚು ಕಮ್ಮಿ. ಹಳೇ ಇಟ್ಟಿಗೆಯನ್ನು ಸಂದು ಬಿಟ್ಟು ಜೋಡಿಸಿ, ಮೂರು ಅಡಿ ಉದ್ದ, ಅಗಲ, ಎತ್ತರದ ಎರಡು ತೊಟ್ಟಿ ಪಕ್ಕಪಕ್ಕ ಮಾಡಿದರೆ ಆಯ್ತು. ಸಿಮೆಂಟ್ ಬೇಡ, ತಳಕ್ಕೂ ಕಾಂಕ್ರೀಟ್ ಬೇಡ. ಒಂದು ತುಂಬಿದ ಮೇಲೆ ಅದನ್ನು ಮಾಗಲು ಬಿಟ್ಟು ಇನ್ನೊಂದಕ್ಕೆ ಹಾಕುವುದು. ಜಾಗ ಇಲ್ಲದವರಿಗೆ ಸುತ್ತ ತೂತು ಹೊಡೆದ ಹಳೇ ಡ್ರಮ್ ಸಾಕು.

ಎಲ್ಲರೂ ಸೋಲುವುದು ಒಂದೇ ಕಡೆ: ಬರೀ ಹಸಿ ಕಸ ಸುರಿಯುವುದು. ನೀರೂರಿ, ಗಾಳಿಯಾಡದೆ ಹುಳ, ವಾಸನೆ ಬರುತ್ತದೆ. ಪಕ್ಕದ ಮನೆಯವರ ಜತೆ ಜಗಳ ಶುರುವಾಗುತ್ತದೆ. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ಒಣಗಿದ ಎಲೆ, ಕತ್ತರಿಸಿದ ಭತ್ತದ ಹುಲ್ಲು, ಕಬ್ಬಿನ ರವದಿ ಬೇಕು. ಭದ್ರಾ ನಾಲೆಯ ಭತ್ತದ ಸೀಮೆಯಲ್ಲಿ ಇದಕ್ಕೇನು ಬರ? ಗದ್ದೆಯಲ್ಲಿ ಸುಡುವ ಹುಲ್ಲಿನಲ್ಲಿ ಒಂದೆರಡು ಹೊರೆ ತಂದಿಟ್ಟರೆ ಎಷ್ಟೋ ತಿಂಗಳಿಗಾಯ್ತು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇರಲಿ. ವಾರಕ್ಕೊಮ್ಮೆ ಮಗುಚಬೇಕು, ಮಳೆಗಾಲದಲ್ಲಿ ಮುಚ್ಚಬೇಕು. ಮೂರು ತಿಂಗಳ ಹೊತ್ತಿಗೆ ಮಣ್ಣಿನ ವಾಸನೆ ಬಂದರೆ ಗೊಬ್ಬರ ರೆಡಿ. ಮಾಂಸ, ಮೀನು, ಎಣ್ಣೆ ಪದಾರ್ಥ ಹಾಕಿದರೆ ಇಲಿ, ನಾಯಿ ಗ್ಯಾರಂಟಿ.

ಯೂರಿಯಾ ಬದಲಿಗೆ ಆಗುತ್ತಾ?

2025ರ ಮುಂಗಾರಿನಲ್ಲಿ ಯೂರಿಯಾಗೆ ಪರದಾಡಿದ ರೈತರು ಈ ಪ್ರಶ್ನೆ ಕೇಳುವುದು ಸಹಜ. ಉತ್ತರ, ಇಲ್ಲ. 45 ಕೆ.ಜಿ. ಯೂರಿಯಾ ಚೀಲದಲ್ಲಿ ಸುಮಾರು 20 ಕೆ.ಜಿ. ಸಾರಜನಕ ಇರುತ್ತದೆ. ಕಾಂಪೋಸ್ಟಿನಲ್ಲಿ ಇರುವುದು ಶೇ. 1ರ ಆಸುಪಾಸು. ಅಂದರೆ ಒಂದು ಚೀಲಕ್ಕೆ ಎರಡು ಟನ್ ಗೊಬ್ಬರ ಬೇಕು. ದಿನಕ್ಕೆ ಅರ್ಧ ಕೆ.ಜಿ. ಹಸಿ ಕಸ ಬರುವ ಮನೆಯಲ್ಲಿ ವರ್ಷಕ್ಕೆ 180 ಕೆ.ಜಿ. ಆದರೆ, ಕೊಳೆತು ಉಳಿಯುವುದು ಅದರಲ್ಲಿ ಒಂದು ಪಾಲು ಮಾತ್ರ. ಅದು ಹಿತ್ತಿಲ ಕರಿಬೇವು, ತೆಂಗು, ಬದನೆ ಗಿಡಕ್ಕೆ ಸರಿ, ಎಕರೆ ಭತ್ತಕ್ಕಲ್ಲ. ‘ಕಪ್ಪು ಬಂಗಾರ’ ಅಂತ ಭಾಷಣ ಮಾಡಿ ಡಬ್ಬ ಹಂಚಿದರೆ ಜನ ಆರು ತಿಂಗಳಿಗೆ ಅದರಲ್ಲಿ ನೀರು ತುಂಬಿಸಿಡುತ್ತಾರೆ. ಲಾಭ ಇರುವುದು ಊರು ಚೊಕ್ಕಟ ಆಗುವುದರಲ್ಲಿ.

ಅಂಗಡಿಯವರ ಪಾಲು

ಹೋಟೆಲ್, ತರಕಾರಿ, ಹೂವಿನ ಅಂಗಡಿಯ ಒಂದು ದಿನದ ಕಸ ಎಷ್ಟೋ ಮನೆಗಳ ಕಸಕ್ಕೆ ಸಮ. ಅವರಿಗೆ ಹಿತ್ತಿಲೂ ಇರಲ್ಲ. ನಾಲ್ಕೈದು ಅಂಗಡಿ ಸೇರಿ ಒಂದು ತೊಟ್ಟಿ ಮಾಡಿಕೊಳ್ಳಲು ಪಂಚಾಯ್ತಿ ಜಾಗ ತೋರಿಸಬೇಕು. ಕೋಳಿ ಅಂಗಡಿಯ ತ್ಯಾಜ್ಯಕ್ಕೆ ಬೇರೆಯೇ ವ್ಯವಸ್ಥೆ ಆಗಬೇಕು.

ಮನೆಯೊಳಗೂ ಒಂದು ಮಾತಿದೆ. ವಿಂಗಡಿಸು, ಮಗುಚು ಅನ್ನುವ ಕೆಲಸ ಪೂರ್ತಿ ಹೆಂಗಸರ ತಲೆಗೇ ಬಿದ್ದರೆ ತೊಟ್ಟಿ ಬಹಳ ದಿನ ಬಾಳಲ್ಲ. ಹಿಂದೆ ತಿಪ್ಪೆ ಗಾಡಿ ಹೊಡೆಯುತ್ತಿದ್ದವರು ಗಂಡಸರೇ. ಗುದ್ದಲಿ ಈಗಲೂ ಅವರ ಕೈಗೆ ಬರಲಿ. ಪಂಚಾಯ್ತಿಯೂ ಊರಿಗೆಲ್ಲ ಒಟ್ಟಿಗೆ ಡಬ್ಬ ಹಂಚುವ ಬದಲು ಮೊದಲು ಒಂದು ಓಣಿಯಲ್ಲಿ ಮೂರು ತಿಂಗಳು ಮಾಡಿ ತೋರಿಸಲಿ. ಅಲ್ಲಿ ವಾಸನೆ ಬರದಿದ್ದರೆ ಪಕ್ಕದ ಓಣಿಯವರು ತಾವಾಗೇ ಕೇಳಿಕೊಂಡು ಬರುತ್ತಾರೆ.