ಬೋನಸು: ಬಕ್ಷೀಸೋ, ಬಾಕಿಯೋ?

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಅಂಬರನಾಥದ ಕನ್ನಡ ಮನೆಗಳಲ್ಲಿ ಚಕ್ಕುಲಿಯ ಹಿಟ್ಟಿಗಿಂತ ಮೊದಲು ಏಳುವ ಮಾತು ಬೋನಸಿನದು. ಬಂತೇ? ಎಷ್ಟು ಬಂತು? ಆರ್ಡ್ನನ್ಸ್ ಕಾರಖಾನೆ, ಒಂದು ಕಾಲದ ವಿಮ್ಕೋ ಬೆಂಕಿಪೆಟ್ಟಿಗೆಯ ಕಾರಖಾನೆ, ರಸಾಯನದ ಕಾರಖಾನೆಗಳು, ಇವುಗಳ ಭೋಂಗಾ ಕೇಳಿ ಏಳುತ್ತಿದ್ದ ಊರು ಇದು. ಮಕ್ಕಳ ಹೊಸ ಬಟ್ಟೆ, ಊರಿಗೆ ಹೋಗುವ ರೈಲಿನ ಖರ್ಚು, ಅಂಗಡಿಯ ಹಳೆಯ ಉದ್ರಿ, ಎಲ್ಲವೂ ಆ ಒಂದು ಮೊತ್ತಕ್ಕೆ ಕಾದು ಕುಳಿತಿರುತ್ತವೆ. ಹೀಗಿರುವಾಗ ಅದು ಬಾರದೇ ಹೋದರೆ ಮನೆಯಲ್ಲಿ ಏನಾಗುತ್ತದೆಂಬುದನ್ನು ವಾಚಕರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಪರಿಚಯದವರೊಬ್ಬರ ಸಂಗತಿಯನ್ನು ಹೇಳುತ್ತೇವೆ. ಇಲ್ಲಿಯದೇ ಒಂದು ಕಾರಖಾನೆಯ ಪ್ರಯೋಗಶಾಲೆಯಲ್ಲಿ ಅವರು 2007ರಲ್ಲಿ ಸೇರಿದರು. ಕಾರಖಾನೆಯ ಹೆಸರು ಇಲ್ಲಿ ಬೇಡ. ನೇಮಣೂಕಿಯ ಪತ್ರದಲ್ಲಿ ಒಂದು ಸಾಲಿತ್ತು: ಪ್ರತಿ ವರ್ಷ ದೀಪಾವಳಿಗೆ ಒಂದು ತಿಂಗಳ ಮೂಲ ಸಂಬಳವನ್ನು ಬೋನಸಾಗಿ ಕೊಡತಕ್ಕದ್ದು ಎಂದು. ಹನ್ನೆರಡು ದೀಪಾವಳಿ ತಪ್ಪದೆ ಬಂತು. 2019ರಲ್ಲಿ ನಿಂತಿತು. ಕೇಳಿದರೆ ಕಚೇರಿಯ ಗುಮಾಸ್ತರು, "ನಿಮ್ಮ ಸಂಬಳ ಇಪ್ಪತ್ತೊಂದು ಸಾವಿರ ದಾಟಿದೆ, ಬೋನಸಿನ ಕಾಯಿದೆ ನಿಮಗೆ ಹತ್ತುವುದಿಲ್ಲ" ಎಂದುಬಿಟ್ಟರು. ಜತೆಗೇ ಒಂದು ಹೊಸ ಕಾಗದ ಬಂತು. ಬೋನಸು ಆಡಳಿತದವರ ಇಚ್ಛೆಗೆ ಸೇರಿದ್ದು, ಅದರ ಮೇಲೆ ನೌಕರನಿಗೆ ಹಕ್ಕಿಲ್ಲ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಸಹಿಗೆ ಜಾಗ. ಜತೆಯ ಆರು ಜನ ಅಲ್ಲೇ ಸಹಿ ಹಾಕಿದರು. ಇವರು ಮಾತ್ರ "ಮನೆಗೆ ಒಯ್ದು ಓದಿ ತರುತ್ತೇನೆ" ಎಂದರು.

ಮನೆಯಲ್ಲಿ ಎರಡು ಪಕ್ಷವಾಯಿತು. ಮುದುಕಿ ತಾಯಿ, "ಉಂಡ ಮನೆಗೆ ಎರಡು ಬಗೆಯಬಾರದಪ್ಪ, ಸಹಿ ಹಾಕು" ಎಂದರಂತೆ. ಹೆಂಡತಿ ಒಲೆಯ ಮುಂದಿನಿಂದಲೇ, "ಉಂಡದ್ದು ಬಿಟ್ಟಿಯಲ್ಲವಲ್ಲ, ದುಡಿದು" ಎಂದರಂತೆ. ಆ ರಾತ್ರಿ ಅವರು ಕಾಗದ ಹಿಡಿದು ನಮ್ಮಲ್ಲಿಗೆ ಬಂದರು. ಮುಖ ಬಾಡಿತ್ತು. ಹಣ ಹೋದ ದುಃಖಕ್ಕಿಂತ, ಕೇಳುವುದು ಸರಿಯೋ ತಪ್ಪೋ ಎಂಬ ಸಂಕೋಚವೇ ಅವರನ್ನು ಹೆಚ್ಚು ತಿನ್ನುತ್ತಿತ್ತು.

ಈ ಸಂಕೋಚ ಇಂದಿನದಲ್ಲ. ಮುಂಬಯಿಯ ಗಿರಣಿಗಳವರು 1917ರಲ್ಲಿ, ಮೊದಲ ಮಹಾಯುದ್ಧದ ತುಟ್ಟಿಯ ದಿನಗಳಲ್ಲಿ, ಕೂಲಿಯ ಮೇಲೆ ಬೋನಸು ಕೊಡತೊಡಗಿದರು. ಯುದ್ಧ ಮುಗಿದ ಮೇಲೆಯೂ ಲಾಭ ಚೆನ್ನಾಗಿದ್ದ ಕೆಲವು ವರ್ಷ ವರ್ಷಾಂತ್ಯದ ಬೋನಸು ಸಂದಿತು. 1923ರ ಬೋನಸು ಇಲ್ಲವೆಂದಾಗ 1924ರ ಆರಂಭದಲ್ಲಿ ಸುಮಾರು ಒಂದೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಬಂದರು. ವಿಚಾರಣೆಗೆ ಕುಳಿತವರು ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಸರ್ ನಾರ್ಮನ್ ಮ್ಯಾಕ್ಲಿಯಡ್. ರೂಢಿಯಿಂದಾಗಲಿ, ಕಾನೂನಿನಿಂದಾಗಲಿ, ನ್ಯಾಯಧರ್ಮದಿಂದಾಗಲಿ ಈ ಬೋನಸಿನ ಮೇಲೆ ಕೆಲಸಗಾರರಿಗೆ ಹಕ್ಕು ಸ್ಥಾಪಿತವಾಗಿಲ್ಲವೆಂದು ಅವರ ಸಮಿತಿ ಹೇಳಿತು. ಎರಡು ತಿಂಗಳ ಉಪವಾಸದ ಫಲ ಇಷ್ಟು. ಧಣಿ ಮನಸ್ಸು ಬಂದು ಕೊಟ್ಟದ್ದು ಬಕ್ಷೀಸು ಎಂಬ ಭಾವನೆ ಆಗ ಗಟ್ಟಿಯಾಗಿ ಕುಳಿತದ್ದು ಇನ್ನೂ ಪೂರಾ ಕರಗಿಲ್ಲ.

ಆ ಮೇಲೆ ಕಾಲ ಬದಲಾಯಿತು. ಕಾನ್ಪುರದ ಮ್ಯೂರ್ ಗಿರಣಿಯ ಖಟ್ಲೆಯಲ್ಲಿ, 1955ರಲ್ಲಿ, ಬೋನಸು ಪುಕ್ಕಟೆ ದಾನವಲ್ಲವೆಂದು ಸುಪ್ರೀಮ್ ಕೋರ್ಟು ಹೇಳಿತು. ಆದರೆ ಲಾಭವಿಲ್ಲದ ವರ್ಷ ಲಾಭದ ಪಾಲನ್ನು ಕೇಳಲಾಗದು ಎಂದೂ ಹೇಳಿತು. 1965ರಲ್ಲಿ ಬೋನಸು ಕಾಯಿದೆ ಬಂತು. ಕನಿಷ್ಠ ನೂರಕ್ಕೆ 4 ಎಂದಿದ್ದದ್ದು ಆ ಮೇಲೆ 8.33 ಆಯಿತು, ಅಂದರೆ ಹೆಚ್ಚು ಕಡಿಮೆ ಒಂದು ತಿಂಗಳ ಕೂಲಿ. ನಷ್ಟವಾದರೂ ಇದು ಸಲ್ಲಬೇಕು. ಗುಮಾಸ್ತರು ಹೇಳಿದ ಇಪ್ಪತ್ತೊಂದು ಸಾವಿರದ ಮೇರೆ ಇದ್ದದ್ದು ಈ ಕಾಯಿದೆಯಲ್ಲಿ. ಅವರು ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ.

ಉಳಿದ ಅರ್ಧವೇ ಮುಖ್ಯ. ಕಾಯಿದೆಯ ಬೋನಸು ಬೇರೆ, ಕರಾರಿನ ಬೋನಸು ಬೇರೆ. ಮೊದಲನೆಯದು ಸರಕಾರ ಕೊಡಿಸಿದ್ದು. ಎರಡನೆಯದನ್ನು ಯಜಮಾನ ತಾನೇ ಬರೆದುಕೊಟ್ಟು ಒಪ್ಪಿಕೊಂಡಿದ್ದಾನೆ. ಆ ಸಾಲನ್ನು ನೋಡಿಯೇ ಮನುಷ್ಯ ಕೆಲಸಕ್ಕೆ ಸೇರಿರುತ್ತಾನೆ. ಹೆಸರು ಬೋನಸೆಂದಿದ್ದರೂ ಅದು ಸಂಬಳದ ಒಂದು ಕಂತು. ಲಾಭ ಬಂದರೆಷ್ಟು, ಹೋದರೆಷ್ಟು? ಬರವಣಿಗೆ ಇಲ್ಲದೆಯೂ ಇಂಥ ಕರಾರು ಹುಟ್ಟಬಹುದು. ಕಲಕತ್ತೆಯ ಇಸ್ಪಹಾನಿ ಕಂಪೆನಿಯ ಪೂಜಾ ಬೋನಸಿನ ಖಟ್ಲೆಯಲ್ಲಿ 1959ರಲ್ಲಿಯೇ ಸುಪ್ರೀಮ್ ಕೋರ್ಟು ಈ ಬಗೆಯ ಒಳಗರಾರನ್ನು ಒಪ್ಪಿತು. ನಮ್ಮ ಪಕ್ಕದ ಮುಂಬಯಿಯ ಉದಾಹರಣೆಯೂ ಉಂಟು. ಸಣ್ಣ ವ್ಯಾಪಾರಿಗಳಲ್ಲಿ ದುಡಿಯುತ್ತಿದ್ದ ಹಮಾಲರಿಗೆ ವರ್ಷ ವರ್ಷ ಬರುತ್ತಿದ್ದ ಹಣ 1965ರಲ್ಲಿ ನಿಂತಿತು. ಕಾಯಿದೆ ಬಂದಿದೆಯಲ್ಲ, ಅದರ ಹೊರಗೆ ಇನ್ನಾವ ಬೋನಸೂ ಇಲ್ಲ ಎಂಬುದು ಎದುರಿನವರ ವಾದ. 1976ರಲ್ಲಿ ಜಸ್ಟಿಸ್ ಕೃಷ್ಣ ಅಯ್ಯರರು ಬರೆದ ತೀರ್ಪು ಈ ವಾದವನ್ನು ತಳ್ಳಿಹಾಕಿತು: ಕಾಯಿದೆ ಲಾಭದ ಬೋನಸಿನ ಮಟ್ಟಿಗೆ ಪೂರ್ಣ, ರೂಢಿಯ ಅಥವಾ ಕರಾರಿನ ಬೋನಸನ್ನು ಕೇಳುವ ಬಾಗಿಲನ್ನು ಅದು ಮುಚ್ಚುವುದಿಲ್ಲ.

ನಮ್ಮ ಸ್ನೇಹಿತರಿಗೆ ಇದನ್ನು ಹೇಳಿದೆವು. "ಪತ್ರ ಎಲ್ಲಿದೆ?" ಎಂದು ಕೇಳಿದಾಗ ಅವರಿಗೆ ನೆನಪಾಗಲಿಲ್ಲ. ಎರಡು ದಿನ ಹುಡುಕಿದ ಮೇಲೆ ಹೆಂಡತಿಯ ಟ್ರಂಕಿನಲ್ಲಿ, ಹಳೆಯ ರೇಶನ್ ಕಾರ್ಡಿನೊಳಗೆ ಮಡಿಚಿದ್ದು ಸಿಕ್ಕಿತು. ಇಂಗ್ಲಿಷಿನ ಪತ್ರ. ಅದರಲ್ಲಿ 'ಶಲ್' ಎಂದಿತ್ತು, 'ಮೇ' ಎಂದಿರಲಿಲ್ಲ. ಇಷ್ಟು ಚಿಕ್ಕ ಮಾತಿನಲ್ಲಿ ಒಂದು ತಿಂಗಳ ಸಂಬಳ ಅಡಗಿರುತ್ತದೆ. ತರುಣರು ಪತ್ರಕ್ಕೆ ಸಹಿ ಹಾಕುವಾಗ ಸಂಬಳದ ಅಂಕಿಯನ್ನಷ್ಟೇ ನೋಡದೆ ಈ ಕ್ರಿಯಾಪದವನ್ನೂ ನೋಡಲಿ. ಐರೋಲಿಯ ಕಂಪ್ಯೂಟರ್ ಕಂಪೆನಿಗಳಿಗೆ ಹೋಗುವ ನಮ್ಮ ಹುಡುಗರ ಪತ್ರಗಳಲ್ಲಿ 'ವೇರಿಯೆಬಲ್ ಪೇ', 'ರಿಟೆನ್ಷನ್ ಬೋನಸ್' ಎಂದು ಬಗೆಬಗೆಯ ಹೆಸರು. ಹಣ ಕೊಡುವ ದಿನ ನೌಕರಿಯಲ್ಲಿ ಇರತಕ್ಕದ್ದು ಎಂಬ ಷರತ್ತೂ ಒಂದು ಮೂಲೆಯಲ್ಲಿ ಕುಳಿತಿರುವುದುಂಟು. ರಾಜೀನಾಮೆಯ ತಾರೀಖನ್ನು ಗೊತ್ತುಮಾಡುವ ಮುಂಚೆ ಆ ಮೂಲೆಯನ್ನು ಓದುವುದು ಒಳ್ಳೆಯದು.

ಅವರು ಹೊಸ ಕಾಗದಕ್ಕೆ ಸಹಿ ಹಾಕಲಿಲ್ಲ. ನೆನಪೋಲೆ ಬರೆದರು, ಉತ್ತರವಿಲ್ಲ. 2020, 2021ರಲ್ಲಿಯೂ ಹಣ ಬರಲಿಲ್ಲ. ಕೊನೆಗೆ ವಕೀಲರ ನೋಟೀಸು ಹೋಯಿತು. "ಇವರು ಸೂಪರ್‌ವೈಜರು, ಕಾರ್ಮಿಕರಲ್ಲ" ಎಂಬ ಉತ್ತರ ಬಂತು. ಕಾನೂನು ನೋಡುವುದು ಹುದ್ದೆಯ ಹೆಸರನ್ನಲ್ಲ, ಮಾಡುವ ಕೆಲಸವನ್ನು. ಇವರು ದಿನವೆಲ್ಲ ಮಾಡುತ್ತಿದ್ದದ್ದು ಗಾಜಿನ ನಳಿಗೆ ಹಿಡಿದು ಪರೀಕ್ಷೆ, ಮೇಲ್ವಿಚಾರಣೆಗೆ ಅವರ ಕೈಕೆಳಗೆ ಒಂದು ಪ್ರಾಣಿಯೂ ಇರಲಿಲ್ಲ. ಅಂದಿನ ಔದ್ಯೋಗಿಕ ವಿವಾದ ಕಾಯಿದೆಯ 33-ಸಿ(2) ಕಲಮಿನ ಮೇರೆಗೆ ಕಾರ್ಮಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಅದು ಹೊಸ ಹಕ್ಕನ್ನು ಹುಟ್ಟಿಸುವ ಕಲಮಲ್ಲ, ಇರುವ ಹಕ್ಕನ್ನು ರೂಪಾಯಿಗೆ ಇಳಿಸುವ ಕಲಮು. ಹಕ್ಕು ಎಲ್ಲಿದೆಯೆಂದು ತೋರಿಸಲು ರೇಶನ್ ಕಾರ್ಡಿನೊಳಗಿನ ಪತ್ರವಿತ್ತು. ಇಷ್ಟಾದರೂ ತಾರೀಖಿನ ಮೇಲೆ ತಾರೀಖು ಬಿದ್ದು, ರಜೆ ಖರ್ಚಾಗಿ, ಕಾರಖಾನೆಯಲ್ಲಿ ಕೆಲವರು ಮಾತು ಬಿಟ್ಟರು. ತಾಯಿಯವರು ಒಂದು ವರ್ಷ ಹಬ್ಬದ ದಿನ ಸಿಹಿ ಮುಟ್ಟಲಿಲ್ಲ.

2023ರಲ್ಲಿ ರಾಜಿಯಾಯಿತು. 2019 ಮತ್ತು 2021ರ ಹಣ ಬಂತು. ರೋಗದ ವರ್ಷವಾದ 2020ರದನ್ನು ಇವರೇ ಬಿಟ್ಟುಕೊಟ್ಟರು. ಬಿಡಬಾರದಿತ್ತೆಂದು ನಾವು ವಾದಿಸಿದೆವು. "ಆ ವರ್ಷ ಕಾರಖಾನೆ ಮುಚ್ಚಿದ್ದಾಗಲೂ ಸಂಬಳ ಕೊಟ್ಟರು" ಎಂದರು. ನಮ್ಮ ವಾದ ಅಲ್ಲಿಗೆ ನಿಂತಿತು. ಸಹಿ ಹಾಕಿದ್ದ ಆರು ಜನರಿಗೆ ಏನೂ ಬರಲಿಲ್ಲ. ರೂಢಿಯಲ್ಲಿದ್ದ ಸವಲತ್ತನ್ನು ಹಿಂತೆಗೆಯಲು ಇಪ್ಪತ್ತೊಂದು ದಿನ ಮುಂಚೆ ನೋಟೀಸು ಕೊಡಬೇಕೆಂದು ಕಾಯಿದೆಯಲ್ಲಿತ್ತು, ಅವರೂ ಅದನ್ನು ಎತ್ತಬಹುದಾಗಿತ್ತು. ಎತ್ತಲಿಲ್ಲ. ಅವರಲ್ಲಿ ಮೂವರ ಹತ್ತಿರ ಹಳೆಯ ಪತ್ರವೂ ಇರಲಿಲ್ಲ.

ಈಗ ಕಾಯಿದೆಯ ಹೆಸರುಗಳು ಬದಲಾಗಿವೆ. 2025ರ ನವೆಂಬರ್ 21ರಿಂದ ಬೋನಸು ಕಾಯಿದೆಯ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಕಾಯಿದೆಯ ಬೋನಸು ವರ್ಷದ ಲೆಕ್ಕ ಮುಗಿದ ಎಂಟು ತಿಂಗಳೊಳಗೆ ಬ್ಯಾಂಕಿನ ಖಾತೆಗೆ ಸೇರಬೇಕು. ಬಾಕಿಗಾಗಿ ಅರ್ಜಿ ಹಾಕಲು ಮೂರು ವರ್ಷದ ಅವಧಿ ಇದೆ. ಕೊಟ್ಟಿದ್ದೇವೆಂದು ರುಜುವಾತು ಮಾಡುವ ಹೊಣೆ ಯಜಮಾನನದು.

ನಮ್ಮ ಸ್ನೇಹಿತರು ಬಂದ ಹಣದಲ್ಲಿ ವಕೀಲರ ಫೀ ಕಳೆದು ತಾಯಿಗೊಂದು ಇಳಕಲ್ ಸೀರೆ ತಂದರು. ಮುದುಕಿ ಅದನ್ನು ಉಟ್ಟುಕೊಂಡು ಶಿವನ ಗುಡಿಗೆ ಹೋಗಿ ಬಂದರು. ಆ ಪತ್ರಕ್ಕೆ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿಸಿದವರೂ ಅವರೇ.