ಕೈಕಸುಬಿಗೆ ಬೇಕಾದುದು ಕೂಲಿ

ಕಳೆದ ಸಂಕ್ರಾಂತಿಯ ಬಳಿಕ ನಮ್ಮ ಸಂಘದ ಮಹಿಳಾ ವಿಭಾಗದವರು ಡೊಂಬಿವಲಿಯಲ್ಲಿ ಹಳದಿ ಕುಂಕುಮ ಇಟ್ಟುಕೊಂಡಿದ್ದರು. ಠಾಣೆಯಿಂದಲೂ ಕಲ್ಯಾಣದಿಂದಲೂ ನವಿ ಮುಂಬಯಿಯಿಂದಲೂ ಸದಸ್ಯರ ಮನೆಯವರು ಬಂದಿದ್ದರು. ಸ್ಪರ್ಧೆಗಳಲ್ಲಿ ಗೆದ್ದವರಿಗೂ ಹಿರಿಯ ತಾಯಂದಿರಿಗೂ ಕೊಡಲೆಂದು ಐವತ್ತು ಇಳಕಲ್ ಸೀರೆ ತರಿಸಲಾಗಿತ್ತು. ತಂದವರು ಬೇರೆ ಯಾರೂ ಅಲ್ಲ, ಈ ಸಂಪಾದಕೀಯ ಬರೆಯುತ್ತಿರುವ ನಾವೇ. ಕನ್ನಡಿಗರ ಸಂಘ, ಕನ್ನಡ ನಾಡಿನ ಸೀರೆ, ಅದರ ಮೇಲೆ ಬೆಲೆಯೂ ಅಗ್ಗ. ದೊಡ್ಡ ಕೆಲಸ ಮಾಡಿದೆವೆಂದು ಒಳಗೊಳಗೇ ಹಿಗ್ಗಿದ್ದೆವು.

ಹುನಗುಂದದ ಕಡೆಯ ಒಬ್ಬ ಮುದುಕಿ, ನಮ್ಮ ಸದಸ್ಯರೊಬ್ಬರ ತಾಯಿ, ತನಗೆ ಬಂದ ಸೀರೆಯನ್ನು ಬಿಡಿಸಿ ಸೆರಗಿನ ಬುಡವನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. ನಮ್ಮನ್ನು ಹತ್ತಿರ ಕರೆದು, "ತಮ್ಮಾ, ಇದಕ್ಕ ಕೊಂಡಿ ಎಲ್ಲೈತಿ? ಇದು ಮಷಿನ್ನಿಂದು" ಎಂದಳು. ನಮ್ಮ ಮುಖ ನೋಡಿ ಕನಿಕರ ಬಂದಿರಬೇಕು. "ಇರಲಿ ಬಿಡು, ನೀ ಕೊಟ್ಟೀಯಲ್ಲ, ಉಡ್ತೇನಿ" ಎಂದು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಕೊಂಡಿ ಎಂದರೇನೆಂದು ಆ ದಿನ ನಮಗೂ ತಿಳಿದಿರಲಿಲ್ಲ. ಅವಳನ್ನೇ ಕೂರಿಸಿ ಕೇಳಿದೆವು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ನೂಲಿನದಾಗಿದ್ದರೂ ಸೆರಗು ಕೆಂಪು ರೇಷ್ಮೆಯದು. ಈ ಎರಡು ಹಾಸುಗಳ ಎಳೆಎಳೆಯನ್ನೂ ಒಂದರೊಳಗೊಂದು ಕುಣಿಕೆ ಹಾಕಿ ಕೂಡಿಸಬೇಕು, ಅದೇ ಕೊಂಡಿ. ಇದರಿಂದಾಗಿ ಹತ್ತಾರು ಸೀರೆಗಳಿಗಾಗುವಷ್ಟು ಉದ್ದದ ಹಾಸನ್ನು ಒಮ್ಮೆಗೇ ಮಗ್ಗಕ್ಕೆ ಏರಿಸುವ ಹಾಗಿಲ್ಲ. ಒಂದು ಸೀರೆ ಮುಗಿಯಿತೆಂದರೆ ಮತ್ತೆ ಹಾಸು, ಮತ್ತೆ ಕೊಂಡಿ. ಸೆರಗಿನ ಮೇಲೆ ಬಿಳಿಯ ಎಳೆಗಳಲ್ಲಿ ಮೂಡುವ ಜೋಳದ ತೆನೆಗೆ ತೋಪು ತೆನೆ ಎಂದು ಹೆಸರು; ಬಾಚಣಿಗೆಯ ಹಲ್ಲಿನಂಥದಕ್ಕೆ ಹನಿಗೆ ಎಂದು. ನೇಯುವವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ, ಅವನ ಹಿಂದೆ ಕಂಡಿಕೆ ಸುತ್ತುವುದಕ್ಕೆ, ಹಾಸು ಹೂಡುವುದಕ್ಕೆ, ಕೊಂಡಿ ಕೂಡಿಸುವುದಕ್ಕೆ ಮನೆಮಂದಿಯೆಲ್ಲ ದುಡಿಯಬೇಕು. ಆ ತಾಯಿ ಹುಡುಗಿಯಾಗಿದ್ದಾಗ ಪಕ್ಕದ ಮನೆಯಲ್ಲಿ ಕುಳಿತು ಕೊಂಡಿ ಕೂಡಿಸಿದ್ದಳಂತೆ. "ರೊಕ್ಕ ಕೊಡ್ತಿದ್ರೇನು?" ಎಂದು ಕೇಳಿದ್ದಕ್ಕೆ ನಕ್ಕಳು. "ಮಂಡಕ್ಕಿ ಕೊಡ್ತಿದ್ರು."

ಆ ನಗುವಿನ ಬಳಿಕ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲವೆಂದರೆ ಸುಳ್ಳಲ್ಲ.

ಪುರಾತನ ಕಲೆ ಅಳಿಯುತ್ತಿದೆ, ಸಂಸ್ಕೃತಿ ನಾಶವಾಗುತ್ತಿದೆ ಎಂದು ಕಣ್ಣೀರಿಡುವ ಭಾಷಣಗಳನ್ನು ನಾವು ಎಷ್ಟೋ ಕೇಳಿದ್ದೇವೆ. 2015ರಿಂದ ಪ್ರತಿವರ್ಷವೂ ಆಗಸ್ಟ್ 7ರಂದು ರಾಷ್ಟ್ರೀಯ ಕೈಮಗ್ಗ ದಿನವನ್ನು ಆಚರಿಸಲಾಗುತ್ತಿದೆ. 1905ರಲ್ಲಿ ಅದೇ ದಿನ ಕಲಕತ್ತೆಯಲ್ಲಿ ಸ್ವದೇಶಿ ಚಳವಳಿ ಮೊದಲಾದುದರ ನೆನಪಿಗಾಗಿ. ಆಗಲಿ, ಬೇಡವೆನ್ನುವವರು ಯಾರು? ಆದರೆ ದಿನಾಚರಣೆ ಬಂದ ಐದೇ ವರ್ಷಕ್ಕೆ, 2020ರಲ್ಲಿ, ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೂ ಕರಕುಶಲ ಮಂಡಳಿಯನ್ನೂ ಸರಕಾರ ರದ್ದುಮಾಡಿತು. ಹಾರ ಹಾಕಿದ ಕೈಯೇ ಕುರ್ಚಿ ಎಳೆದುಕೊಂಡಿತು.

ಲೆಕ್ಕವನ್ನು ನೋಡೋಣ. 1995ರ ಸುಮಾರಿನ ಗಣತಿಯಲ್ಲಿ ದೇಶದಲ್ಲಿ ಕೈಮಗ್ಗದ ಕೆಲಸದಲ್ಲಿದ್ದವರು 65 ಲಕ್ಷಕ್ಕೂ ಹೆಚ್ಚು. 2009-10ರಲ್ಲಿ ಅದು 43 ಲಕ್ಷಕ್ಕಿಳಿಯಿತು. 2019-20ರ ನಾಲ್ಕನೆಯ ಗಣತಿಯಲ್ಲಿ 35 ಲಕ್ಷ. ಇವರಲ್ಲಿ ನೇಯುವವರನ್ನಷ್ಟೇ ಎಣಿಸಿದರೆ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಹೆಂಗಸರು. ಮೂರು ಪಾಲಿನಲ್ಲಿ ಸುಮಾರು ಎರಡು ಪಾಲು ಕುಟುಂಬಗಳ ತಿಂಗಳ ವರಮಾನ 5,000 ರೂಪಾಯಿಗಿಂತ ಕಡಿಮೆ. ವ್ಯಕ್ತಿಯದಲ್ಲ, ಇಡೀ ಕುಟುಂಬದ್ದು! ನಮ್ಮ ಹೋಟೆಲುಗಳಲ್ಲಿ ತಟ್ಟೆ ಎತ್ತುವ ಹುಡುಗನೂ ಈ ಸಂಬಳಕ್ಕೆ ಒಪ್ಪಲಾರ. ಅವನಿಗೆ ಊಟವೂ ಮಲಗುವ ಜಾಗವೂ ಬೇರೆ ಸಿಗುತ್ತದೆ. ಹೀಗಿರುವಾಗ ನೇಕಾರನ ಮಗ ಮಗ್ಗದಿಂದ ಎದ್ದು ಹೋದರೆ ಸಂಸ್ಕೃತಿಗೆ ದ್ರೋಹ ಬಗೆದನೆಂದು ಹೇಳುವ ಬಾಯಿ ಯಾರಿಗಿದೆ?

ನಮಗಂತೂ ಇಲ್ಲ. ನಾವು ಯಾರು? ಮಗ್ಗವನ್ನೂ ಕುಲುಮೆಯನ್ನೂ ಗೇಣಿಯ ಗದ್ದೆಯನ್ನೂ ಬಿಟ್ಟು ಮುಂಬಯಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು. ನಮ್ಮ ಹಿರಿಯರಲ್ಲಿ ಕೆಲವರು ಹೋಟೆಲು ಸೇರಿದರು, ಕೆಲವರು ಗಿರಣಿ ಸೇರಿದರು. ಗಿರಣಿಯ ಬಟ್ಟೆ ಹಳ್ಳಿಯ ಮಗ್ಗಗಳನ್ನು ಕೆಡಿಸಿತೆಂಬುದು ಶಾಲೆಯ ಪುಸ್ತಕದಲ್ಲೇ ಇದೆ. ಊರಿನಲ್ಲಿ ಮಗ್ಗ ನಿಲ್ಲಿಸಿ ಬಂದವನೇ ಪರಳದಲ್ಲಿ ಗಿರಣಿಯ ಮಗ್ಗದ ಮುಂದೆ ನಿಂತು, ಊರಿನಲ್ಲಿ ಉಳಿದ ಅಣ್ಣತಮ್ಮಂದಿರ ಮಗ್ಗವನ್ನೂ ನಿಲ್ಲಿಸುವ ಬಟ್ಟೆಯನ್ನು ನೇಯ್ದ. ಹೊಟ್ಟೆಪಾಡು. ಅವನನ್ನು ದೂರುವ ಹಾಗಿಲ್ಲ.

ಮುಂದೆ ಗಿರಣಿಗೂ ಅದೇ ಗತಿ ಬಂತು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದುದನ್ನೂ ಅದರ ಕೊನೆ ಏನಾಯಿತೆಂಬುದನ್ನೂ ನಮ್ಮ ಹಿರಿಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಚಿಮಣಿಗಳಿದ್ದ ಕಡೆ ಗೋಪುರದಂಥ ಕಟ್ಟಡಗಳೆದ್ದಿವೆ. ಗಿರಣಿ ಬಿಟ್ಟುಹೋದ ಕೆಲಸ ಭಿವಂಡಿಯಂಥ ಊರುಗಳ ವಿದ್ಯುತ್ ಮಗ್ಗಗಳಿಗೆ ಹೋಯಿತು. ಕಲ್ಯಾಣದ ಖಾಡಿ ದಾಟಿದರೆ ಆ ಊರು. ಮಗ್ಗಗಳ ಸದ್ದು ರಸ್ತೆಗೇ ಕೇಳುತ್ತದೆ. ಅಲ್ಲಿ ದುಡಿಯುವವನೂ ಉತ್ತರ ಪ್ರದೇಶದಿಂದಲೋ ತೆಲಂಗಾಣದಿಂದಲೋ ಬಂದ ನಮ್ಮಂಥ ಪರದೇಶಿಯೇ. ಹನ್ನೆರಡು ಗಂಟೆಯ ಪಾಳಿ, ನೇಯ್ದ ಗಜದ ಲೆಕ್ಕದಲ್ಲಿ ಕೂಲಿ. ಆದುದರಿಂದ ಕೈಮಗ್ಗದ ಪರವಾಗಿ ಮಾತಾಡುವಾಗ ವಿದ್ಯುತ್ ಮಗ್ಗದ ಕಾರ್ಮಿಕನನ್ನು ಶತ್ರುವೆಂದು ಯಾರೂ ಭಾವಿಸಕೂಡದು. ಅವನ ಸೀರೆ ಅವನ ಹೆಸರಿನಲ್ಲೇ ಮಾರಲಿ, ಬಡವರು ಉಡಲಿ. ಆದರೆ ಯಂತ್ರದಲ್ಲಿ ನೇಯ್ದುದನ್ನು ಕೈಯಲ್ಲಿ ನೇಯ್ದುದೆಂದು ಮಾರುವವನು ಅವನಲ್ಲ. ಆ ಲಾಭವೂ ಅವನ ಜೇಬಿಗೆ ಹೋಗುವುದಿಲ್ಲ.

ಇದಕ್ಕೆ ಕಾನೂನು ಇಲ್ಲವೇ? ಇದೆ. 1985ರಲ್ಲಿ ಸಂಸತ್ತು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ ಮಾಡಿತು. ವಿದ್ಯುತ್ ಮಗ್ಗದ ಮಾಲಿಕರು ಕೋರ್ಟಿಗೆ ಹೋದರು. 1993ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಮೊದಲು 22 ಬಗೆಯ ಬಟ್ಟೆಗಳಿದ್ದ ಪಟ್ಟಿ ಆಮೇಲೆ 11ಕ್ಕಿಳಿಯಿತು. ದಡಿಯ ಸೀರೆ ಈಗಲೂ ಆ ಪಟ್ಟಿಯಲ್ಲಿದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಯ ರಕ್ಷಣೆಯೂ ದೊರೆತಿದೆ. ಇಷ್ಟೆಲ್ಲ ಇದ್ದೂ ನಾವು ಪೇಟೆಗೆ ಹೋಗಿ ಐವತ್ತು ಸೀರೆಗಳನ್ನು ಇಳಕಲ್ಲೆಂದು ಕೊಂಡು ತಂದೆವು! ರಸೀದಿಯಲ್ಲೂ ಹಾಗೆಯೇ ಬರೆದಿತ್ತು.

ಕಾನೂನಿನ ಒಂದು ಸಾಲು ಅಳಿಸಿದರೆ ಏನಾಗುತ್ತದೆಂಬುದಕ್ಕೆ ಹುಬ್ಬಳ್ಳಿಯ ಉದಾಹರಣೆಯಿದೆ. ಅಲ್ಲಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜ ತಯಾರಿಸುತ್ತದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ಬಟ್ಟೆ. ಬೆಂಗೇರಿಯಲ್ಲಿ ಬಣ್ಣ, ಚಕ್ರದ ಅಚ್ಚು, ಹೊಲಿಗೆ. ಕೆಲಸದವರಲ್ಲಿ ಹೆಚ್ಚಿನವರು ಹೆಂಗಸರು. ನೂಲಿನ ದಪ್ಪ, ಬಣ್ಣದ ಗಟ್ಟಿತನ, ಚಕ್ರದ 24 ಅರಗಳ ಅಂತರ, ಎಲ್ಲಕ್ಕೂ ಸರಕಾರದ ಅಳತೆಯಿದೆ. ಕೂದಲೆಳೆಯಷ್ಟು ತಪ್ಪಿದರೂ ಆ ಧ್ವಜ ತಿರಸ್ಕಾರ. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿ ತಂದು, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಟ್ಟೆಯ ಧ್ವಜವೂ ಆಗಬಹುದೆಂದರು. ಮರುವರ್ಷ ಮನೆಮನೆಗೂ ಧ್ವಜವೆಂಬ ಕರೆ ಬಂತು. ನಮ್ಮ ಚಾಳುಗಳ ಕಿಟಕಿಗಳಲ್ಲೂ ಹೊಳೆಯುವ ಪಾಲಿಯೆಸ್ಟರ್ ಧ್ವಜಗಳೇ ಹಾರಿದುವು. ದೇಶದಲ್ಲಿ ಹಿಂದೆಂದೂ ಅಷ್ಟು ಧ್ವಜ ಮಾರಾಟವಾಗಿರಲಿಕ್ಕಿಲ್ಲ. ಆದರೆ ಬೆಂಗೇರಿಯವರು ಬೇಡಿಕೆ ಕುಸಿಯಿತೆಂದು ಪ್ರತಿಭಟನೆಗೆ ಇಳಿಯಬೇಕಾಯಿತು. ಧ್ವಜ ಕಟ್ಟಿದ ನಮ್ಮ ಕೈಯಲ್ಲಿ ಭಕ್ತಿಗೆ ಕೊರತೆ ಇರಲಿಲ್ಲ. ಅದನ್ನು ಯಾರು ಮಾಡಿದರೆಂದು ಕೇಳುವ ಬುದ್ಧಿ ಮಾತ್ರ ಬರಲಿಲ್ಲ.

ಕೂಲಿ ಸಿಕ್ಕರೆ ಕಸುಬಿಗೆ ಕೈ ಸಿಗುತ್ತದೆ ಎಂಬುದಕ್ಕೂ ದೃಷ್ಟಾಂತವಿದೆ, ಅದೂ ನಮ್ಮಲ್ಲಿ ಅನೇಕರ ಊರಿನ ಕಡೆಯೇ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ನಮ್ಮ ಅಜ್ಜಿಯಂದಿರು ಉಡುತ್ತಿದ್ದ ನೂಲಿನ ಸೀರೆ ಉಡುಪಿ ಸೀರೆ. ನೂಲಿಗೆ ಅಕ್ಕಿಯ ಗಂಜಿ ಕೊಟ್ಟು ನೇಯ್ದ ಆ ಸೀರೆ ಹಗುರ, ಬೆವರಿಗೆ ಹಿತ. ನೇಯುವವರು ಹೆಚ್ಚಾಗಿ ಪದ್ಮಶಾಲಿಗಳು, ಊರಿನ ಮಾತಿನಲ್ಲಿ ಶೆಟ್ಟಿಗಾರರು. ಅವರ ಮನೆಗಳ ಹುಡುಗರು ಮುಂಬಯಿಯ ರೈಲು ಹತ್ತಿದಂತೆ ಮಗ್ಗಗಳು ಅಟ್ಟ ಸೇರಿದುವು. ಕಿನ್ನಿಗೋಳಿಯ ಬಳಿ ತಾಳಿಪಾಡಿ ನೇಕಾರರ ಸಹಕಾರಿ ಸಂಘದಲ್ಲಿ ಬೆರಳೆಣಿಕೆಯ ಮುದುಕರು ಉಳಿದಿದ್ದಾಗ, 2018ರ ಸುಮಾರಿಗೆ, ಕಾರ್ಕಳದ ಕದಿಕೆ ಟ್ರಸ್ಟಿನವರು ಅವರ ಜತೆಗೂಡಿದರು. ಸೀರೆಯ ಮೇಲೆ ನೇಯ್ದವರ ಹೆಸರಿನ ಚೀಟಿ ಹಚ್ಚಿದರು, ಕೊಳ್ಳುವವರಿಗೂ ನೇಯುವವರಿಗೂ ನಡುವಿನ ದೂರ ತಗ್ಗಿಸಿದರು, ನೇಕಾರರ ಕೂಲಿ ಏರಿಸಿದರು. ಬಿಟ್ಟುಹೋದ ಕೆಲವರು ಮಗ್ಗಕ್ಕೆ ಮರಳಿದರು. ಹೊಸದಾಗಿ ಕಲಿಯಲು ಹೆಂಗಸರು ಮುಂದೆ ಬಂದರು. ದೊಡ್ಡ ಸಂಖ್ಯೆಯೇನಲ್ಲ. ಆದರೆ ಮುದುಕರ ಕೈಯಲ್ಲಿ ಮುಗಿಯಬೇಕಾಗಿದ್ದ ವಿದ್ಯೆ ಇನ್ನೊಂದು ತಲೆಗೆ ದಾಟಿತಲ್ಲ! ಹೋಟೆಲಿನವರಾದ ನಮಗೆ ಇದು ಬೇಗ ಅರ್ಥವಾಗಬೇಕು. ದೋಸೆಯ ಹದ ಬಲ್ಲ ಭಟ್ಟರನ್ನು ಉಳಿಸಿಕೊಳ್ಳಬೇಕಾದರೆ ಧಣಿಗಳು ಏನು ಮಾಡುತ್ತಾರೆ? ಶಾಲು ಹೊದಿಸುವುದಿಲ್ಲ, ಪಗಾರ ಏರಿಸುತ್ತಾರೆ.

ಇಲ್ಲಿ ಒಂದು ಮಾತನ್ನು ಸೇರಿಸಲೇಬೇಕು. ಕಸುಬು ಉಳಿಯಬೇಕೆನ್ನುವ ಕೆಲವರು ಜಾತಿಯ ಕಸುಬು ಜಾತಿಯಲ್ಲೇ ಉಳಿಯಲಿ ಎಂಬ ಅರ್ಥದಲ್ಲಿ ಹೇಳುತ್ತಾರೆ. ಅದನ್ನು ನಾವು ಒಪ್ಪುವುದಿಲ್ಲ. ನೇಕಾರನ ಮಗಳು ಡಾಕ್ಟರಾಗಲಿ. ಡಾಕ್ಟರನ ಮಗಳಿಗೆ ಮನಸ್ಸಿದ್ದರೆ ನೇಯಲಿ. ಹುಟ್ಟಿದ ತಪ್ಪಿಗೆ ಯಾರನ್ನೂ ಮಗ್ಗಕ್ಕೆ ಕಟ್ಟಬೇಕಾಗಿಲ್ಲ.

ಇನ್ನು ಬೆಲೆಯ ಮಾತು. ನಮ್ಮ ಸದಸ್ಯರೊಬ್ಬರು ಮುಖಕ್ಕೆ ಹೊಡೆದಂತೆ ಕೇಳಿದರು: "ನಾನು ಬಾಡಿಗೆ ಕೊಟ್ಟು, ರೈಲು ಪಾಸು ತೆಗೆಸಿ, ಊರಿಗೆ ಕಳಿಸಿದ ಮೇಲೆ ಉಳಿಯುವುದು ಎಷ್ಟೆಂದು ನಿಮಗೆ ಗೊತ್ತು. ಹೆಂಡತಿಗೆ ಕೈಮಗ್ಗದ ಸೀರೆ ಎಲ್ಲಿಂದ ತರಲಿ?" ನ್ಯಾಯವಾದ ಪ್ರಶ್ನೆ. ನಾವು ತಂದ ಸೀರೆಗಿಂತ ನಿಜವಾದ ಇಳಕಲ್ ಸೀರೆಗೆ ಐದಾರು ಪಟ್ಟು ಬೆಲೆ. ಬಡ ಕೂಲಿಗಾರನು ಇನ್ನೊಬ್ಬ ಬಡ ಕೂಲಿಗಾರನನ್ನು ಒಬ್ಬನೇ ನಿಂತು ಎತ್ತಿಹಿಡಿಯಲಾರ. ಅವನಿಂದ ಅದನ್ನು ಕೇಳುವುದೂ ತಪ್ಪು. ಆದರೆ ಸಂಘದ ಹಣ ಒಬ್ಬನ ಹಣವಲ್ಲ. ವರ್ಷವರ್ಷವೂ ಹಳದಿ ಕುಂಕುಮಕ್ಕೆ ಸೀರೆ, ರಾಜ್ಯೋತ್ಸವಕ್ಕೆ ಶಾಲು, ಆಗಸ್ಟಿನಲ್ಲಿ ಧ್ವಜ ಎಂದು ನಾವು ಕೊಳ್ಳುತ್ತಲೇ ಇದ್ದೇವೆ. ನಮ್ಮ ನಾಲ್ಕು ಊರುಗಳಲ್ಲಿರುವ ಬೇರೆ ಕನ್ನಡ ಸಂಘಗಳೂ ಕೊಳ್ಳುತ್ತವೆ. ನೂರು ಜನರಿಗೆ ಶಾಲು ಹೊದಿಸುವ ಚಟವನ್ನು ಹತ್ತಕ್ಕೆ ಇಳಿಸಿದರೂ ದೊಡ್ಡ ನಷ್ಟವಿಲ್ಲ. (ಶಾಲು ಬಂದಿಲ್ಲವೆಂದು ಮುನಿಸಿಕೊಳ್ಳುವ ಗಣ್ಯರು ಯಾರಾರೆಂದು ನಮಗೂ ಗೊತ್ತು, ಮುನಿಸಿಕೊಳ್ಳಲಿ.)

ಆದುದರಿಂದ ಬರುವ ಮಹಾಸಭೆಯಲ್ಲಿ ಒಂದು ಠರಾವು ಮಂಡಿಸುತ್ತಿದ್ದೇವೆ. ಮುಂದಿನ ಸಂಕ್ರಾಂತಿಗೆ ಐವತ್ತರ ಬದಲು ಹತ್ತೇ ಸೀರೆ. ಐದು ಇಳಕಲ್ಲಿನ ನೇಕಾರರ ಸಹಕಾರಿ ಸಂಘದಿಂದ, ಐದು ತಾಳಿಪಾಡಿಯಿಂದ. ಮುಂಗಡ ಹಣ ಆರು ತಿಂಗಳ ಮೊದಲೇ ಹೋಗಬೇಕು, ಏಕೆಂದರೆ ನೇಯುವವನು ನೂಲಿಗೆ ಸಾಲ ಮಾಡಬಾರದು. ಪೇಟೆಯಲ್ಲಿ ಕೊಳ್ಳುವ ಪ್ರಸಂಗ ಬಂದರೆ 2006ರಲ್ಲಿ ಸರಕಾರ ಹೊರಡಿಸಿದ ಕೈಮಗ್ಗದ ಮುದ್ರೆ ಇಲ್ಲದ ಸೀರೆಗೆ ಸಂಘದ ಹಣ ಹೋಗಕೂಡದು. ಆಗಸ್ಟಿನ ಧ್ವಜ ಬೆಂಗೇರಿಯದೇ ಆಗಬೇಕು. ಒಂದು ಧ್ವಜ ಸಾಕು, ಎಲ್ಲರೂ ಅದರ ಕೆಳಗೇ ನಿಲ್ಲೋಣ. ಉಳಿದ ನಲವತ್ತು ಮಂದಿಗೆ ಏನು ಕೊಡುವುದೆಂದು ಮಹಿಳಾ ವಿಭಾಗದವರು ಕೇಳಿದ್ದಾರೆ. ನಮ್ಮಲ್ಲಿ ಉತ್ತರವಿಲ್ಲ, ಸಭೆಯಲ್ಲಿ ಯಾರಾದರೂ ಹೇಳಲಿ. ಬೈಯುವವರೂ ಬರಬೇಕು.

ವಾಚಕರಲ್ಲಿ, ಅವರ ಮನೆಯ ಹಿರಿಯರಲ್ಲಿ, ಮಗ್ಗದ ಕೆಲಸ ಬಲ್ಲವರು ಇದ್ದರೆ ಸಂಘದ ಕಚೇರಿಗೆ ಬಂದು ಹೆಸರು ಬರೆಸಬೇಕೆಂದು ವಿನಂತಿ. ಗಿರಣಿಯಲ್ಲಿ ನೇಯ್ದವರೂ ಬರಲಿ. ಹುನಗುಂದದ ಆ ತಾಯಿ ಮೊದಲನೆಯವಳಾಗಿ ಹೆಸರು ಕೊಟ್ಟಿದ್ದಾಳೆ, ಒಂದು ಷರತ್ತಿನ ಮೇಲೆ: ಸೀರೆಗಳ ಕಟ್ಟು ಬಂದಾಗ ಬಿಚ್ಚುವುದಕ್ಕೆ ಮುಂಚೆ ಅವಳನ್ನು ಕರೆಯಬೇಕಂತೆ. ಕೊಂಡಿ ಇಲ್ಲದ್ದನ್ನು ವಾಪಸು ಕಳಿಸುತ್ತಾಳಂತೆ.